ಹೂವನ್ನು ನೋಡಿ ಗಿಡವನ್ನು ತರುವುದು

ಲಾಲ್‌ಬಾಗಿನಲ್ಲಿ ಜನವರಿಯ ಫಲಪುಷ್ಪ ಪ್ರದರ್ಶನವು ನಡೆಯುವ ದಿನಗಳಲ್ಲಿ, ಸಂಜೆ ಅಲ್ಲಿಂದ ಮನೆಗೆ ಮರಳುವ ಜನಸಮೂಹದ ನಡುವೆ, ಹೂಬಿಟ್ಟ ಕುಂಡವೊಂದನ್ನು ಎದೆಗವಚಿಕೊಂಡು ಜತನದಿಂದ ನಡೆಯುವವರು ಎಷ್ಟೋ ಮಂದಿ ಕಾಣುತ್ತಾರೆ. ಆ ಕುಂಡದಲ್ಲಿರುವುದು ಗುಲಾಬಿಯೋ ಡೇಲಿಯವೋ ಪೆಟೂನಿಯವೋ ಆಗಿರಬಹುದು. ಯಾವುದಾದರೂ ಅದು ತನ್ನ ಸೌಂದರ್ಯದ ಪರಾಕಾಷ್ಠೆಯಲ್ಲಿರುವಾಗಲೇ ಮಾರಾಟಕ್ಕೆ ಬಂದದ್ದು. ಏಪ್ರಿಲ್ ತಿಂಗಳಲ್ಲಿ ಅದೇ ಕುಂಡದೊಳಗೆ ಒಣಕಡ್ಡಿಯೊಂದು ಉಳಿದಿರುವುದನ್ನು ತೋರಿಸಿ, ತಮ್ಮ ಕೈಗುಣವೇ ಸರಿಯಿಲ್ಲವೆಂದು ಮನೆಯವರು ನೊಂದುಕೊಳ್ಳುವುದನ್ನು ನಾನು ಅನೇಕ ಸಲ ಕೇಳಿದ್ದೇನೆ. ಕೈಗುಣವನ್ನು ದೂರುವುದಕ್ಕೆ ಮೊದಲು ಆಯ್ಕೆಯ ಕ್ರಮವನ್ನು ಪರೀಕ್ಷಿಸುವುದು ಯುಕ್ತವೆಂದು ನನಗೆ ತೋರುತ್ತದೆ. ಏಕೆಂದರೆ, ಹೂವನ್ನು ನೋಡಿ ಗಿಡವನ್ನು ತರುವ ಈ ಪದ್ಧತಿಯು ಮೂಲದಲ್ಲಿಯೇ ದೋಷಯುಕ್ತವಾದದ್ದು.

ಪ್ರದರ್ಶನವನ್ನು ಪ್ರದರ್ಶನವೆಂದೇ ಎಣಿಸಿದರೆ ಅದರಲ್ಲಿ ಕುಂದನ್ನೆಣಿಸಲು ಕಾರಣವಿಲ್ಲ. ೧೮೮೯ರಲ್ಲಿ ಅಡಿಗಲ್ಲಿಟ್ಟು ಕಟ್ಟಿದ ಗಾಜಿನ ಮನೆಯ ಕೆಳಗೆ ಕೆಲವು ದಿನಗಳ ಮಟ್ಟಿಗೆ ಸಹಸ್ರಾರು ಗಿಡಗಳನ್ನು ಏಕಕಾಲದಲ್ಲಿ ಅರಳಿಸಿ ನಿಲ್ಲಿಸುವುದು ಅಸಾಧಾರಣವಾದ ಕೌಶಲವೇ ಸರಿ. ಆದರೆ ಅಲ್ಲಿಯ ಗಿಡವು ಬೇರೆಡೆ ಬೆಳೆದು, ಅರಳುವ ಹೊತ್ತಿಗೆ ಬಂದು, ಬಾಡುವ ಹೊತ್ತಿಗೆ ಮರೆಯಾಗತಕ್ಕದ್ದು. ಮನೆಯಂಗಳದ ಗಿಡವಾದರೋ ಹನ್ನೆರಡು ತಿಂಗಳೂ ನಮ್ಮ ಕಣ್ಣೆದುರಿನಲ್ಲಿಯೇ ಇದ್ದು, ಎಲೆಯುದುರಿಸಿ, ಚಿಗುರಿ, ಹುಳುಹಿಡಿದು, ಚೇತರಿಸಿಕೊಂಡು ಬಾಳತಕ್ಕದ್ದು. ಅದೇ ಲಾಲ್‌ಬಾಗಿನಲ್ಲಿ ಇದಕ್ಕಿಂತ ಗಂಭೀರವಾದ ಪಾಠವೊಂದಿದೆ. ೧೯೦೮ರಲ್ಲಿ ಅಲ್ಲಿಗೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬೀಗಲ್ ಅವರು, ಒಂದು ಜಾತಿಯ ಮರದ ಹೂವು ಮುಗಿಯುವಷ್ಟರಲ್ಲಿ ಮತ್ತೊಂದರ ಹೂವು ತೊಡಗುವಂತೆ ಬೆಂಗಳೂರಿನ ಬೀದಿಗಳ ಸಾಲುಮರಗಳನ್ನು ಯೋಜಿಸಿದರು. ಮರದ ಚೆಲುವಿನ ಜೊತೆಗೆ ಅದರ ಋತುವನ್ನೂ ಅದು ನಿಲ್ಲುವ ಎಡೆಯನ್ನೂ ಪರ್ಯಾಲೋಚಿಸಿದ್ದು ಅವರ ಹೆಚ್ಚಳ. ದುರ್ದೈವದಿಂದ ನಮ್ಮ ಗೃಹಸ್ಥರು ಆ ವಿವೇಕವನ್ನು ಬಿಟ್ಟು ಮರಗಳನ್ನಷ್ಟೇ ಅನುಕರಿಸಿದರು. ವಿಶಾಲವಾದ ಉದ್ಯಾನದಲ್ಲಿ ಶೋಭಿಸುವ ಅರಕೇರಿಯವನ್ನು, ಜನರು ಕ್ರಿಸ್‌ಮಸ್ ಮರವೆಂದು ಕರೆಯುವುದನ್ನು, ಮೊಣಕಾಲೆತ್ತರದ ಸಸಿಯಾಗಿ ತಂದು ೩೦ × ೪೦ ಅಡಿಯ ನಿವೇಶನದ ಮೂಲೆಯಲ್ಲಿ ನೆಟ್ಟವರಿದ್ದಾರೆ. ಅದು ೧೦೦ ಅಡಿಯನ್ನೂ ಮೀರಿ ಬೆಳೆಯುವ ಜಾತಿ. ಇಂದು ಅದರ ಬುಡವು ಕಾಂಪೌಂಡಿನ ಗೋಡೆಯನ್ನು ಒತ್ತುತ್ತಿದೆ, ಕಡಿಯಲು ಮನೆಯವರಿಗೆ ಮನಸ್ಸು ಬಾರದು.

ಸ್ಥಳವನ್ನು ಅರಿಯುವುದೆಂದರೆ ಮೊದಲು ಬಿಸಿಲನ್ನು ಅರಿಯುವುದು. ಇದರಲ್ಲಿ ನಾವು ಮಾಡುವಷ್ಟು ಪ್ರಮಾದವನ್ನು ಬೇರಾವುದರಲ್ಲಿಯೂ ಮಾಡುವುದಿಲ್ಲ. ಇಂಗ್ಲೆಂಡಿನಲ್ಲಿ ನಡುಹಗಲ ಸೂರ್ಯನು ವರ್ಷವಿಡೀ ದಕ್ಷಿಣದಲ್ಲಿಯೇ ಇರುವನಾದ್ದರಿಂದ, ಮನೆಯ ದಕ್ಷಿಣದ ಮಗ್ಗುಲು ಬಿಸಿಲಿನದು, ಉತ್ತರದ್ದು ನೆರಳಿನದು ಎಂಬುದು ಅಲ್ಲಿ ಅಬಾಧಿತವಾದ ಸತ್ಯ. ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿಯಾದರೋ, ಏಪ್ರಿಲ್ ೨೪ರ ಸುಮಾರಿಗೆ ಸೂರ್ಯನು ನಡುನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ ೧೮ರ ಸುಮಾರಿನವರೆಗೆ ಮಧ್ಯಾಹ್ನದ ವೇಳೆ ನೆತ್ತಿಯ ಉತ್ತರಕ್ಕೇ ಇರುತ್ತಾನೆ. ಡಿಸೆಂಬರಿನ ನಡುಹಗಲಿನಲ್ಲಿ ೨೦ ಅಡಿ ಎತ್ತರದ ಮನೆಯ ನೆರಳು ಉತ್ತರದ ಕಡೆಗೆ ಸುಮಾರು ೧೫ ಅಡಿ ಚಾಚುತ್ತದೆ. ಜೂನ್ ತಿಂಗಳಲ್ಲಿ ಅದೇ ನೆರಳು ದಿಕ್ಕು ಬದಲಿಸಿ ದಕ್ಷಿಣಕ್ಕೆ ನಾಲ್ಕು ಅಡಿಯಷ್ಟೂ ಬೀಳುವುದಿಲ್ಲ. ಹೀಗಿರಲು, ಜನವರಿಯಲ್ಲಿ ಗಿಡ ತಂದವರು ಉತ್ತರದ ಓಣಿಯು ತಂಪಾಗಿದೆಯೆಂದು ಅಲ್ಲಿ ಜರಿಗಿಡವನ್ನೋ ಆಂಥೂರಿಯಮ್ಮನ್ನೋ ಇರಿಸಿದರೆ, ಮೇ ತಿಂಗಳಲ್ಲಿ ಅವುಗಳ ಎಲೆ ಸುಟ್ಟು ಕಂದಾಗುವುದರಲ್ಲಿ ಆಶ್ಚರ್ಯವೇನು? ನೆಟ್ಟ ದಿನ ಅವರು ಕಂಡ ನೆರಳು ಸುಳ್ಳಲ್ಲ. ಅದು ಸುಮಾರು ಎಂಟು ತಿಂಗಳ ನೆರಳೆಂಬುದನ್ನು ಹೇಳುವವರು ಇರಲಿಲ್ಲ.

ಮಣ್ಣು ಮತ್ತು ನೀರಿನ ವಿಚಾರವೂ ಹೀಗೆಯೇ. ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ಗುಡ್ಡಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಕೆಂಪಗೆ ಅರಳುವ ಕೇಪಳವನ್ನು ತಂದು, ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರನ್ನು ನಿತ್ಯವೂ ಉಣಿಸಿದರೆ, ಹುಳಿಮಣ್ಣನ್ನು ಬಯಸುವ ಆ ಗಿಡವು ಕಬ್ಬಿಣದ ಅಂಶವನ್ನು ಹೀರಲಾರದೆ ಎಲೆ ಹಳದಿಗಟ್ಟಿ ಕೊರಗುತ್ತದೆ. ಬೋಗನ್‌ವಿಲ್ಲಾದ ಸ್ವಭಾವವೇ ಬೇರೆ: ನೀರು ಧಾರಾಳವಾದರೆ ಅದು ಬರಿಯ ಹಸುರನ್ನು ಹಬ್ಬಿಸುತ್ತದೆ, ನೀರನ್ನು ಬಿಗಿಹಿಡಿದರೆ ಬಣ್ಣವನ್ನು ಸುರಿಸುತ್ತದೆ. ನಾನೇ ಒಮ್ಮೆ ಗಾಡಿಯವನೊಬ್ಬನಿಂದ ಕೊಂಡ ಕಡುಗೆಂಪು ಗುಲಾಬಿಯು ಎರಡನೆಯ ವರ್ಷಕ್ಕೆ ಗುರುತು ಸಿಕ್ಕದಂತಹ ಪುಟ್ಟ ಪೇಲವ ಹೂವನ್ನು ಬಿಡತೊಡಗಿದಾಗ, ಅದು ಕಣ್ಣು ಕಸಿಯ ಗಿಡವೆಂದೂ, ಕಸಿಯ ಗಂಟಿನ ಕೆಳಗಿನಿಂದ ಹೊರಟ ಕಾಡುಗುಲಾಬಿಯ ಚಿಗುರನ್ನು ನಾನು ಚಿವುಟದೆ ಬಿಟ್ಟದ್ದರಿಂದ ಅದೇ ಗಿಡವನ್ನು ನುಂಗಿತೆಂದೂ ತಡವಾಗಿ ತಿಳಿಯಿತು.

ಸ್ವದೇಶದ ಗಿಡಗಳನ್ನೇ ಬೆಳೆಸಬೇಕೆಂಬ ವಾದವೊಂದು ಈಚೆಗೆ ಪ್ರಬಲವಾಗಿದೆ. ಅದರ ಹಿಂದಿನ ಕಳಕಳಿಯನ್ನು ನಾನು ಗೌರವಿಸುತ್ತೇನೆ; ಆದರೆ ಅದನ್ನು ಏಕಮಾತ್ರ ನಿಯಮವೆಂದು ಒಪ್ಪಲಾರೆ. ನಮ್ಮ ದೇವರ ಕೊರಳಿನ ಚೆಂಡುಹೂವೂ ಮದುವೆಯ ಹಾರದ ಸುಗಂಧರಾಜವೂ ಮೆಕ್ಸಿಕೋ ದೇಶದಿಂದ ಬಂದು ನಮ್ಮವಾದವು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದೇ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಲಂಟಾನವಾದರೋ, ಹಕ್ಕಿಗಳ ಮೂಲಕ ಬೀಜವನ್ನು ಪಸರಿಸಿ, ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನ ನೆಲವನ್ನು ಮುಚ್ಚಿ, ಹುಲ್ಲಿಗೂ ಎಳೆಯ ಸಸಿಗಳಿಗೂ ಎಡೆಯಿಲ್ಲದಂತೆ ಮಾಡಿದೆ. ಗಿಡದ ಜನ್ಮಭೂಮಿಯನ್ನು ಕೇಳುವುದಕ್ಕಿಂತ, ಅದು ಬೇಲಿಯನ್ನು ದಾಟುವ ಗುಣದ್ದೇ ಎಂದು ಕೇಳುವುದು ಹೆಚ್ಚು ಪ್ರಯೋಜನಕರ. ಮನೆಯಲ್ಲಿ ಮಕ್ಕಳೂ ದನಕರುಗಳೂ ಇದ್ದರೆ, ನಮ್ಮದೇ ಆದ ಕಣಗಿಲೆಯು ಸರ್ವಾಂಗವೂ ವಿಷವೆಂಬುದನ್ನೂ ನೆನೆಯಬೇಕು.

ನಮ್ಮ ಹಿರಿಯರ ಹಿತ್ತಿಲುಗಳಲ್ಲಿ ಈ ವಿವೇಚನೆಯು ಮಾತಿಗೆ ಬಾರದೆಯೇ ನೆಲಸಿತ್ತು. ಬಚ್ಚಲ ನೀರು ಹರಿಯುವೆಡೆಯಲ್ಲಿ ಬಾಳೆ, ಬಾವಿಕಟ್ಟೆಯ ಬಳಿ ದಾಸವಾಳ, ಬಿಸಿಲು ನಿಲ್ಲುವಲ್ಲಿ ಮಲ್ಲಿಗೆ. ಪೂಜೆಗೂ ಮುಡಿಗೂ ಹೂವು ಬೇಕಾದ್ದರಿಂದ ಬೆಳಗಿನ ನಂದಿಬಟ್ಟಲು, ಇಳಿಹೊತ್ತಿನ ಸಂಜೆಮಲ್ಲಿಗೆ, ಇರುಳಿನ ಪಾರಿಜಾತ ಎಂದು ದಿನದ ಒಂದೊಂದು ಜಾವಕ್ಕೂ ಒಂದೊಂದು ಗಿಡ. ಆದರೂ ಆ ಹಿತ್ತಿಲನ್ನು ಪರಿಪೂರ್ಣವೆಂದು ಹೊಗಳಲು ನನ್ನ ಮನಸ್ಸು ಒಪ್ಪದು. ಅಲ್ಲಿ ಹೂವು ಗಿಡದ್ದಾಗಿರಲಿಲ್ಲ, ಬುಟ್ಟಿಯದಾಗಿತ್ತು. ಮಲ್ಲಿಗೆಯು ಮೊಗ್ಗಾಗಿರುವಾಗಲೇ ಕೊಯ್ಲಾಗುತ್ತಿತ್ತು. ದಾಸವಾಳವನ್ನು ಹೊತ್ತು ಏರುವ ಮೊದಲೇ ಕಿತ್ತು, ಕೊಂಬೆ ಎಟುಕದಿದ್ದರೆ ಜಗ್ಗಿ ಮುರಿಯುತ್ತಿದ್ದರು. ನೆಲಕ್ಕೆ ಬಿದ್ದುದೂ ಪೂಜೆಗೆ ಸಲ್ಲುವುದೆಂಬ ಸಂಪ್ರದಾಯದ ಕೃಪೆಯಿಂದ ಪಾರಿಜಾತವೊಂದು ಈ ದಂಡನೆಯಿಂದ ಪಾರಾಗಿತ್ತು. ಬಳ್ಳಿಯ ಮೇಲೆಯೇ ಅರಳಿದ ಮಲ್ಲಿಗೆಯು ಹೇಗಿರುತ್ತದೆಂಬುದನ್ನು ನಾನು ಬಾಲ್ಯದಲ್ಲಿ ಒಮ್ಮೆಯೂ ಕಾಣಲಿಲ್ಲ.

ಈಗಿನ ಮನೆಗೆ ಬಂದ ಮೊದಲ ವರ್ಷ ನಾನು ಅಂಗಳದಲ್ಲಿ ಬಹುಕಾಲ ಬಾಳುವ ಗಿಡ ಯಾವುದನ್ನೂ ನೆಡಲಿಲ್ಲ. ಚೆಂಡುಹೂವಿನ ಬೀಜವನ್ನು ಎರಚಿ, ತಿಂಗಳಿಗೊಮ್ಮೆ ನಡುಹಗಲಿನಲ್ಲಿ ನೆರಳಿನ ಅಂಚಿಗೆ ಗೂಟ ಹೊಡೆದು, ಮಳೆನೀರು ಎಲ್ಲಿ ನಿಲ್ಲುತ್ತದೆ, ಆಷಾಢದ ಗಾಳಿ ಯಾವ ಮೂಲೆಯಿಂದ ನುಗ್ಗುತ್ತದೆ ಎಂದು ನೋಡುತ್ತ ಕುಳಿತೆ. ಖಾಲಿ ನೆಲವನ್ನು ಕಂಡು ನೆರೆಯವರು ಮರುಗಿ ಕುಂಡಗಳನ್ನು ಕಳುಹಿಸಿದರು. ಎರಡನೆಯ ವರ್ಷ ಮೂರೇ ಬಗೆಯ ಗಿಡ ನೆಟ್ಟೆವು: ಪಡುವಣ ಗೋಡೆಗೆ ಬೋಗನ್‌ವಿಲ್ಲಾ, ಮೂಡಣಕ್ಕೆ ಪಾರಿಜಾತ, ಹಿಂದೆ ಮಲ್ಲಿಗೆಯ ಎರಡು ಬುಡ. ಆ ಎರಡು ಬುಡಗಳಲ್ಲಿ ಒಂದರ ಮೊಗ್ಗನ್ನು ಮಾತ್ರ ಯಾರೂ ಕೀಳಬಾರದೆಂದು ಮನೆಯಲ್ಲಿ ಕೇಳಿಕೊಂಡಿದ್ದೇನೆ.