ಟಿಕೆಟ್ಟಿನ ಹಳ್ಳಿಯಲ್ಲಿ ಕೇರಿ ಎಲ್ಲಿ?

ಹಳ್ಳಿಯನ್ನು ಮೊದಲು ಮಾರಿದವರು ರೆಸಾರ್ಟಿನವರಲ್ಲ, ನಮ್ಮ ಸಾಹಿತಿಗಳು. ಹಸಿರು ಗದ್ದೆ, ಮುಗ್ಧ ರೈತ, ಬುತ್ತಿ ಹೊತ್ತು ನಗುತ್ತಾ ಬರುವ ಅವನ ಹೆಂಡತಿ, ಸಂಜೆ ಮನೆಗೆ ತಿರುಗುವ ದನಗಳ ಗಂಟೆ ಸದ್ದು. ಇಷ್ಟನ್ನೇ ಹಳ್ಳಿ ಅಂತ ಶಾಲೆ ಪುಸ್ತಕಗಳಲ್ಲಿ ಕಂಠಪಾಠ ಮಾಡಿಸಿದರು. ಕೇರಿಯಿಂದ ಬಂದ ಹುಡುಗ ಹಿಂದಿನ ಬೆಂಚಿನಲ್ಲಿ ಕೂತು ಅದನ್ನು ಓದಿದ. 'ಇದು ಯಾವೂರು ಸಾರ್?' ಅಂತ ಕೇಳುವ ಧೈರ್ಯ ಅವನಿಗಿರಲಿಲ್ಲ. ಕೇಳಿದ್ದರೂ ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ.

ಈಗ ಅದೇ ಪಾಠಕ್ಕೆ ಬೇಲಿ ಹಾಕಿ, ಗೇಟು ಇಟ್ಟು, ತಲೆಗಿಷ್ಟು ಅಂತ ಟಿಕೆಟ್ ಹರಿಯುತ್ತಿದ್ದಾರೆ. ಬೆಂಗಳೂರು, ಮೈಸೂರು ಸುತ್ತಮುತ್ತ ಇಂಥ ತೋಟಗಳು ಎಷ್ಟೋ ಹುಟ್ಟಿಕೊಂಡಿವೆ. 'ಕೃಷಿ ಪ್ರವಾಸೋದ್ಯಮ' ಅನ್ನುವುದು ಇದರ ಸರ್ಕಾರಿ ಹೆಸರು. ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಇದಕ್ಕೆಂದೇ ಒಂದು ನೀತಿ ತಂದಿತು. ನಮ್ಮ ಸರ್ಕಾರದ ಪ್ರವಾಸೋದ್ಯಮ ನೀತಿಯಲ್ಲೂ ಇದಕ್ಕೆ ಮಣೆ ಹಾಕಿದ್ದಾರೆ. ಇಂಥದ್ದೊಂದು ತೋಟಕ್ಕೆ ನಾವು ನಾಲ್ವರು ಗೆಳೆಯರು ಒಂದು ಭಾನುವಾರ ಹೋಗಿಬಂದೆವು. ಒಬ್ಬ ಪ್ರೈಮರಿ ಸ್ಕೂಲ್ ಮೇಷ್ಟ್ರು, ಒಬ್ಬ ಲಾ ಓದುತ್ತಿರುವವನು, ಒಬ್ಬ ಒಕ್ಕಲು ಮನೆಯ ಗೆಳೆಯ, ಮತ್ತೆ ನಾನು.

ಪುಸ್ತಕ, ನಾಟಕ, ಸಿನಿಮಾಗಳನ್ನು ಮಾತ್ರ ವಿಮರ್ಶೆ ಮಾಡಬೇಕು ಅಂತ ಯಾರು ಹೇಳಿದರು? ಈ ತೋಟವೂ ಒಂದು ಕೃತಿ. ಇದಕ್ಕೆ ಕರ್ತೃ ಇದ್ದಾನೆ, ಓದುಗ ಇದ್ದಾನೆ, ಬೆಲೆ ಇದೆ. ಮುಖ್ಯವಾಗಿ, ಇದರಿಂದ ಹರಿದು ತೆಗೆದ ಪುಟಗಳಿವೆ. ಆ ಪುಟಗಳ ಬಗ್ಗೆಯೇ ನನ್ನ ಮಾತು.

1

ಗೇಟಿನಲ್ಲಿ ಹಣೆಗೆ ಕುಂಕುಮ, ಕೈಗೆ ಪಾನಕ. ಒಳಗೆ ಎತ್ತಿನ ಗಾಡಿ ಸವಾರಿ, ಲಗೋರಿ, ಬುಗುರಿ, ಚಿನ್ನಿದಾಂಡು, ಹಸುವಿನ ಹಾಲು ಕರೆಯುವುದು, ಕೆಸರಿನಲ್ಲಿ ಹೊರಳಾಡುವುದು, ಕೋಳಿ ಹಿಡಿಯುವ ಪಂದ್ಯ. ಮಧ್ಯಾಹ್ನ 'ಹಳ್ಳಿ ಊಟ': ರಾಗಿ ಮುದ್ದೆ, ಸೊಪ್ಪಿನ ಸಾರು, ನಾಟಿ ಕೋಳಿ ಸಾರು. ಒಂದು ಕಡೆ ಕುಂಬಾರನ ತಿಗರಿ, ಇನ್ನೊಂದು ಕಡೆ ಕಮ್ಮಾರನ ಕುಲುಮೆ, ಅದರಾಚೆ ಬುಟ್ಟಿ ಹೆಣೆಯುವ ಹೆಂಗಸು. ಪಟ್ಟಣದ ಮಕ್ಕಳು ತಿಗರಿಗೆ ಕೈ ಹಾಕಿ ಮಣ್ಣು ಮೆತ್ತಿಕೊಂಡು ಖುಷಿಪಡುತ್ತಿದ್ದವು. ಮಕ್ಕಳ ಖುಷಿ ಸುಳ್ಳಲ್ಲ. ಅದರ ಮೇಲೆ ನನಗೆ ಸಿಟ್ಟೂ ಇಲ್ಲ.

ಆದರೆ ಈ ಹಳ್ಳಿಯಲ್ಲಿ ಕುಂಬಾರ ಇದ್ದಾನೆ, ಕಮ್ಮಾರ ಇದ್ದಾನೆ, ಚಪ್ಪಲಿ ಹೊಲಿಯುವವನು ಯಾಕಿಲ್ಲ? ಚರ್ಮ ಹದ ಮಾಡುವ ಬಾನಿ ಯಾಕಿಲ್ಲ? ಸತ್ತ ದನ ಹೊರುವವನು, ತೋಟಿ, ತಳವಾರ ಎಲ್ಲಿ ಹೋದರು? ನೊಗಕ್ಕೆ ಕಟ್ಟುವ ಮಿಣಿ, ಎತ್ತಿಗೆ ಬೀಸುವ ಬಾರುಕೋಲು ಮಾದಿಗರ ಕೈಯಿಂದ ಬಂದವು. ಕಪಿಲೆ ಬಾವಿಯ ಚರ್ಮದ ಚೀಲ ಹೊಲಿದವನೂ ಅವನೇ. ಅವನು ಹೊಲಿದ ಚೀಲದಲ್ಲಿ ನೀರು ಮೇಲೆ ಬಂದು ಗೌಡರ ಕಬ್ಬಿಗೆ ಹರಿಯಿತು. ಅವನು ಮಾತ್ರ ಆ ಬಾವಿ ಕಟ್ಟೆ ಹತ್ತುವಂತಿರಲಿಲ್ಲ. ಚರ್ಮಕ್ಕಿಲ್ಲದ ಮೈಲಿಗೆ ಮನುಷ್ಯನಿಗೆ! ಬೇಸಾಯದ ಚರಿತ್ರೆಯಿಂದ ಈ ಪುಟ ಕಿತ್ತರೆ ಉಳಿಯುವುದು ಕ್ಯಾಲೆಂಡರ್ ಚಿತ್ರ.

ಊಟದ ಪಟ್ಟಿಯೂ ಹಾಗೆಯೇ. ಹಳ್ಳಿ ಊಟ ಅಂದರೆ ಯಾರ ಹಳ್ಳಿ, ಯಾರ ಊಟ? ಕೇರಿಯ ಒಲೆ ಮೇಲೆ ಬೆಂದದ್ದಕ್ಕೆ ಅಲ್ಲಿ ಹೆಸರೇ ಇಲ್ಲ. 2020ರ ಗೋಹತ್ಯೆ ನಿಷೇಧ ಕಾನೂನು ಬಂದ ಮೇಲಂತೂ ಅದನ್ನು ಬಾಯಿಬಿಟ್ಟು ಹೇಳುವುದಕ್ಕೂ ಜನ ಹೆದರುತ್ತಾರೆ.

ಕೆಸರಿನ ಆಟ ನೋಡುತ್ತಾ ನಿಂತಾಗ ನನಗೆ ನಮ್ಮವ್ವನ ಕಾಲು ನೆನಪಾಯಿತು. ನಾಟಿ ಕಾಲದಲ್ಲಿ ದಿನವಿಡೀ ಕೆಸರಲ್ಲಿ ನಿಂತು ಬೆರಳ ಸಂದಿ ಕೊಳೆತು ಬಿಳಿಚಿಕೊಂಡಿರುತ್ತಿತ್ತು. ರಾತ್ರಿ ಅದಕ್ಕೆ ಎಣ್ಣೆ ಕಾಯಿಸಿ ಹಚ್ಚಿಕೊಳ್ಳುತ್ತಿದ್ದಳು. ಒಂದೇ ಕೆಸರು. ಒಬ್ಬಳು ಕೂಲಿಗೆ ಇಳಿಯುತ್ತಾಳೆ, ಇನ್ನೊಬ್ಬ ದುಡ್ಡು ಕೊಟ್ಟು ಇಳಿಯುತ್ತಾನೆ. ದುಡ್ಡು ಕೊಟ್ಟವನು ಬೇಕೆಂದಾಗ ಎದ್ದು ಬರಬಹುದು, ಬಿಸಿನೀರಿನ ಶವರ್ ಕಾದಿರುತ್ತದೆ. ವರ್ಗ ಅಂದರೇನು ಅಂತ ಮಾರ್ಕ್ಸ್ ಓದಿದ ಮೇಲೆಯೇ ತಿಳಿಯಬೇಕಾಗಿಲ್ಲ.

2

ಕೇರಿ ಅಲ್ಲಿ ಇಲ್ಲವೇ ಇಲ್ಲ ಅಂದರೆ ಅದೂ ಸುಳ್ಳಾಗುತ್ತದೆ. ಕೇರಿ ಇದೆ, ಹಿತ್ತಲಲ್ಲಿದೆ.

ಗಾಡಿ ಹೊಡೆಯುವ ಯಜಮಾನರು ಮೊದಲು ನಮ್ಮನ್ನು 'ಸಾರ್' ಅಂತಿದ್ದರು. ಸ್ವಲ್ಪ ದೂರ ಹೋದ ಮೇಲೆ, 'ಯಾವೂರು ಸಾರ್, ಯಾವ ಜನ?' ಅಂದರು. ಹೇಳಿದೆ. ಅಲ್ಲಿಗೆ 'ಸಾರ್' ಹೋಗಿ 'ಕಣಪ್ಪ' ಬಂತು. ಅವರ ತಲೆ ಮೇಲೆ ಕೆಂಪು ರುಮಾಲು, ಮೈಮೇಲೆ ಹೊಸ ಕಚ್ಚೆಪಂಚೆ. 'ಇದು ನನ್ನ ಬಟ್ಟೆ ಅಲ್ಲ ಕಣಪ್ಪ. ಇವರು ಕೊಟ್ಟಿರೋದು. ಸಂಜೆ ಬಿಚ್ಚಿ ಮಡಿಸಿಟ್ಟು ಪ್ಯಾಂಟ್ ಹಾಕ್ಕೊಂಡು ಹೋಯ್ತೀನಿ' ಅಂತ ನಕ್ಕರು. ಅವರಪ್ಪ ಇದೇ ಜಮೀನಿನಲ್ಲಿ ಗೌಡರ ಹತ್ತಿರ ಜೀತಕ್ಕಿದ್ದವರು. ಗೌಡರು ಮಾರಿಕೊಂಡು ಪಟ್ಟಣ ಸೇರಿದರು. ಜಮೀನು ಕೈ ಬದಲಾಯಿಸಿತು, ಇವರು ಮಾತ್ರ ನೊಗದ ಹಿಂದೆಯೇ ಉಳಿದರು. ಮೊದಲು ಉಳುವುದಕ್ಕೆ, ಈಗ ಉಳುವವನ ಹಾಗೆ ಕಾಣುವುದಕ್ಕೆ.

ಊಟದ ಎಲೆ ಎತ್ತುತ್ತಿದ್ದ ಒಬ್ಬ ಅವ್ವನನ್ನು 'ಮುದ್ದೆ ನೀವು ಮಾಡಿದ್ದಾ ಅವ್ವ?' ಅಂತ ಕೇಳಿದೆ. 'ನಾನು ಆಚೆ ಕೆಲಸದೋಳು ಕಣ್ಮಗ. ಒಲೆ ತಾವ್ಕೆ ಹೋಗಂಗಿಲ್ಲ' ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಕೇರಿಯನ್ನು ನಕ್ಷೆಯಿಂದ ತೆಗೆದುಹಾಕಿದ ಜನ ಅಡಿಗೆಮನೆ ಬಾಗಿಲಲ್ಲಿ ಅದನ್ನು ಜೋಪಾನವಾಗಿ ಉಳಿಸಿಕೊಂಡಿದ್ದಾರೆ.

3

ತೋಟದ ನಡುವೆ ಒಂದು ಸೇದೋ ಬಾವಿ. ಕಲ್ಲಿನ ಕಟ್ಟೆ, ರಾಟೆ, ಹಗ್ಗ, ತಾಮ್ರದ ಕೊಡ. ಯಾರು ಬೇಕಾದರೂ ಸೇದಬಹುದು, ಫೋಟೋ ಹೊಡೆಸಿಕೊಳ್ಳಬಹುದು. ನಾನೂ ಹಗ್ಗ ಹಿಡಿದು ಎರಡು ಕೊಡ ಸೇದಿದೆ. ನನ್ನನ್ನು ಯಾರೂ ತಡೆಯಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಇದರ ಮೇಲೆಯೇ ಜಗಳ. ಲಾ ಓದುವ ಗೆಳೆಯ ಅಂದ: 'ನೋಡು, ನಿಮ್ಮೂರಿನ ಬಾವಿ ನಿಮ್ಮ ತಾತನಿಗೆ ಕೊಡದೇ ಇದ್ದದ್ದನ್ನು ಈ ತೋಟ ಕೊಟ್ಟಿತಲ್ಲ. ದುಡ್ಡು ಜಾತಿ ಕೇಳಲ್ಲ.' ಈ ಮಾತನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಜನ ಹಳ್ಳಿ ಬಿಟ್ಟು ಪಟ್ಟಣ ಸೇರಿದ್ದೇ ಇದಕ್ಕೆ. ಹೋಟೆಲಿನಲ್ಲಿ ಕಾಸು ಕೊಟ್ಟರೆ ಲೋಟ ಕೊಡುತ್ತಾರೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳುವವರನ್ನು ಬಾಬಾಸಾಹೇಬರು ಕಟುವಾಗಿ ತರಾಟೆಗೆ ತೆಗೆದುಕೊಂಡರು. ಸಂವಿಧಾನದ ಘಟಕ ಹಳ್ಳಿಯಲ್ಲ, ವ್ಯಕ್ತಿ ಅಂದರು. ಹಳ್ಳಿಯ ಹೊಟ್ಟೆಯೊಳಗೆ ಏನಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಗೆಳೆಯರೆ, ಅದೇ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದಾಗ ಅವರ ಕೈಯಲ್ಲಿ ಟಿಕೆಟ್ ಇರಲಿಲ್ಲ. ನೀರು ಕುಡಿಯುವುದು ಮನುಷ್ಯನ ಹಕ್ಕು ಅಂತ ಕುಡಿದರು. ದುಡ್ಡಿನಿಂದ ತೆರೆದ ಬಾವಿ ದುಡ್ಡು ಮುಗಿದ ತಕ್ಷಣ ಮುಚ್ಚುತ್ತದೆ. ಎಲೆ ಎತ್ತುವ ಆ ಅವ್ವ ಅದೇ ರಾಟೆಗೆ ಕೈ ಹಾಕುತ್ತಾಳಾ? ಅವಳು ನೀರು ಕುಡಿಯುತ್ತಿದ್ದದ್ದು ಬಚ್ಚಲುಮನೆ ಹಿಂದಿನ ನಲ್ಲಿಯಲ್ಲಿ. ಇನ್ನು ಗೇಟಿನ ಆಚೆಗೆ ಏನಿದೆ? 2022ರ ನವೆಂಬರಿನಲ್ಲಿ ಚಾಮರಾಜನಗರದ ಹೆಗ್ಗೋಠಾರ ಗ್ರಾಮದಲ್ಲಿ ದಲಿತ ಹೆಣ್ಣುಮಗಳೊಬ್ಬಳು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು ಅಂತ ತೊಂಬೆಯ ನೀರನ್ನೆಲ್ಲ ಖಾಲಿ ಮಾಡಿ ಗಂಜಲ ಹಾಕಿ ತೊಳೆದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ದಲಿತ ಹುಡುಗನ ಮನೆಗೆ 60,000 ರೂಪಾಯಿ ದಂಡ ಹಾಕಿದರು. ಇವು ನಮ್ಮ ತಾತನ ಕಾಲದ ಕಥೆಗಳಲ್ಲ. ನಿಜವಾದ ಬಾವಿ ಇನ್ನೂ ಮುಚ್ಚಿರುವಾಗ ಆಟದ ಬಾವಿ ತೆರೆದು, 'ನೋಡಿ, ನಮ್ಮ ಹಳ್ಳಿ ಎಷ್ಟು ಚೆಂದ' ಅನ್ನುವುದು ನೀರು ಕೊಟ್ಟಂತಲ್ಲ, ಬಾಯಾರಿಕೆ ಮರೆಸಿದಂತೆ.

4

ಸಂಜೆಗೆ ತಮಟೆ. ನಾಲ್ಕು ಜನ ಹುಡುಗರು, ಒಳ್ಳೆಯ ಕೈ. ಕಾಯಿಸಿದ ಚರ್ಮದ ಸದ್ದು ಎದೆಗೆ ಬಡಿಯುತ್ತಿತ್ತು. ಬಂದವರೆಲ್ಲ ಕುಣಿದರು. ಕುಣಿತ ಮುಗಿದ ಮೇಲೆ ಹುಡುಗರು ಒಂದು ಮೂಲೆಯಲ್ಲಿ ನಿಂತು ಬೆವರು ಒರೆಸಿಕೊಂಡರು. ಅವರ ಹೆಸರನ್ನು ಮೈಕಿನಲ್ಲಿ ಯಾರೂ ಹೇಳಲಿಲ್ಲ. 'ನಮ್ಮ ಜಾನಪದ ತಂಡ' ಅಂದರು ಅಷ್ಟೆ.

ತಮಟೆಗೆ ಮೂರು ಚರಿತ್ರೆಗಳಿವೆ. ಮೊದಲನೆಯದು ಬಿಟ್ಟಿ ಚಾಕರಿ. ಸಾವಿಗೆ, ಜಾತ್ರೆಗೆ, ಸಾರುವುದಕ್ಕೆ ಬಡಿಯಲೇಬೇಕು, ಬಡಿಯದಿದ್ದರೆ ಬಹಿಷ್ಕಾರ. ಎರಡನೆಯದು ಚಳವಳಿ. ಕೆಲವು ಕಡೆ ನಮ್ಮವರು ಇನ್ನು ಬಡಿಯಲ್ಲ ಅಂತ ತಮಟೆ ಕೆಳಗಿಟ್ಟರು. ಇನ್ನು ಕೆಲವು ಕಡೆ ಅದನ್ನೇ ಎತ್ತಿಕೊಂಡು ಮೆರವಣಿಗೆ ಮುಂದೆ ನಡೆದರು. ಎರಡೂ ಬಂಡಾಯವೇ. 2023ರಲ್ಲಿ ಚಿಕ್ಕಬಳ್ಳಾಪುರದ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಆ ವಾದ್ಯಕ್ಕೆ, ಅದನ್ನು ಹಿಡಿದ ಕೈಗೆ ಹೆಸರು ಸಿಕ್ಕ ದಿನ ಅದು. ಮೂರನೆಯದು ಈ ತೋಟದ ತಮಟೆ. ಇಲ್ಲಿ ಕೂಲಿ ಕೊಡುತ್ತಾರೆ, ನಿಜ. ಕೂಲಿ ಬೇಡ ಅನ್ನುವಷ್ಟು ಹೊಟ್ಟೆ ತುಂಬಿದವರು ನಾವಲ್ಲ. ಆದರೆ ಹೆಸರನ್ನು ವಾಪಸ್ ಕಿತ್ತುಕೊಳ್ಳುತ್ತಾರೆ. ಕಾರಂತರ 'ಚೋಮನ ದುಡಿ' 1933ರಷ್ಟು ಹಿಂದೆಯೇ ಬಂತು, 1975ರಲ್ಲಿ ಸಿನಿಮಾ ಆಯಿತು. ಚೋಮ ದುಡಿ ಬಡಿದದ್ದು ಯಾರನ್ನೂ ಕುಣಿಸುವುದಕ್ಕಲ್ಲ. ಉಳುವುದಕ್ಕೆ ತುಂಡು ಭೂಮಿ ಸಿಗದ ಸಂಕಟಕ್ಕೆ.

ಕೋಳಿ ಹಿಡಿಯುವ ಪಂದ್ಯದ ಮಾತೂ ಇಷ್ಟೇ. ದೇವನೂರರ 'ಒಡಲಾಳ' (1978) ಓದಿದವರಿಗೆ ಸಾಕವ್ವನ ಹುಂಜ ಗೊತ್ತು. ಕಳೆದುಹೋದ ಒಂದು ಹುಂಜಕ್ಕಾಗಿ ಆ ಮುದುಕಿ ಊರೆಲ್ಲ ಹುಡುಕುತ್ತಾಳೆ. ಬಡವರ ಮನೆಯ ಹುಂಜ ಅಂದರೆ ಹಬ್ಬ, ಹರಕೆ, ಸಾಲ, ಮಾನ ಎಲ್ಲ ಸೇರಿದ ಗಂಟು. ಹತ್ತು ಜನ ಕೂಗಾಡಿ ಅಟ್ಟಾಡಿಸಿ ಬಹುಮಾನ ಗೆಲ್ಲುವ ಕೋಳಿಗೂ ಆ ಹುಂಜಕ್ಕೂ ನಡುವೆ ಒಂದು ಇಡೀ ಸಾಹಿತ್ಯ ಚಳವಳಿಯ ದೂರವಿದೆ. ನವೋದಯದವರು ಬರೆದ ಹಳ್ಳಿಯನ್ನು ಈ ತೋಟ ಸಲೀಸಾಗಿ ನುಂಗಿಕೊಂಡಿದೆ. 'ಒಡಲಾಳ'ವನ್ನು ನುಂಗಲು ಅದಕ್ಕೆ ಆಗಿಲ್ಲ. ಒಂದು ಕೃತಿಯ ಗಟ್ಟಿತನ ಅಳೆಯುವುದಕ್ಕೆ ಇದಕ್ಕಿಂತ ಬೇರೆ ಮಾನದಂಡ ನನಗೆ ಬೇಡ.

5

ಒಕ್ಕಲು ಮನೆಯ ಗೆಳೆಯ ಕೇಳಿದ್ದು ಬೇರೆ. 'ನಮ್ಮಪ್ಪ ಸಾಲದಲ್ಲಿ ಮುಳುಗವ್ನೆ. ಹಿಂಗಾದ್ರೂ ರೈತನಿಗೆ ನಾಕು ಕಾಸು ಬಂದ್ರೆ ನಿನಗ್ಯಾಕಪ್ಪ ಹೊಟ್ಟೆಯುರಿ?' ನ್ಯಾಯವಾದ ಪ್ರಶ್ನೆ. ಆದರೆ ಕಾಸು ಬರುತ್ತಿರುವುದು ಯಾವ ರೈತನಿಗೆ?

ಭೂಮಿಯ ಲೆಕ್ಕ ನೋಡೋಣ. 1974ರ ಭೂಸುಧಾರಣೆ ಉಳುವವನೇ ಒಡೆಯ ಅಂತು. ಗೇಣಿದಾರನಿಗೆ ಭೂಮಿ ಬಂತು. ನಮ್ಮವರಲ್ಲಿ ಹೆಚ್ಚಿನವರು ಗೇಣಿದಾರರೂ ಆಗಿರಲಿಲ್ಲ, ಕೂಲಿಯವರು, ಜೀತದವರು. ಹಾಗಾಗಿ ಆ ಕಾನೂನು ನಮ್ಮ ಕೇರಿಯ ಬಾಗಿಲಲ್ಲೇ ಹೆಚ್ಚುಕಡಿಮೆ ನಿಂತುಬಿಟ್ಟಿತು. ಸರ್ಕಾರ ಮಂಜೂರು ಮಾಡಿದ ತುಂಡು ಜಮೀನು ಉಳಿಸಲಿಕ್ಕೆ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. 2017ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ, ತಡವಾಗಿ ಬಂದಿರಿ ಅಂತ ನಮ್ಮವರ ಅರ್ಜಿಗಳು ಬೀಳತೊಡಗಿದವು. ಹೋರಾಟ ಮಾಡಿದ ಮೇಲೆ 2023ರಲ್ಲಿ ಕಾಲಮಿತಿ ತೆಗೆದು ತಿದ್ದುಪಡಿ ಆಯಿತು. ಈ ನಡುವೆ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿದರು. ಬೇಸಾಯ ಮಾಡದವನೂ, ಎಷ್ಟೇ ಆದಾಯ ಇದ್ದವನೂ ಕೃಷಿ ಭೂಮಿ ಕೊಳ್ಳಬಹುದು ಅಂತಾಯಿತು. ನೇಗಿಲು ಹಿಡಿಯದವನು ನೇಗಿಲನ್ನು ಗೋಡೆಗೆ ನೇತುಹಾಕುವ ಕಾಲ ಹೀಗೆ ಬಂತು.

ಗೆಳೆಯನ ಅಪ್ಪನೇ ಇಂಥ ತೋಟ ತೆರೆದರೆ ನನ್ನ ತಕರಾರಿಲ್ಲ, ನಾನೇ ಮೊದಲ ಟಿಕೆಟ್ ತಗೊಳ್ಳುತ್ತೇನೆ. ಆದರೆ ಅವನೂ ಒಂದು ಪ್ರಶ್ನೆ ಕೇಳಿಕೊಳ್ಳಲಿ. ಎರಡು ಎಕರೆ ದರಖಾಸ್ತು ಜಮೀನಿನ ದಲಿತ ಇದೇ ರೀತಿ ಬೋರ್ಡು ಹಾಕಿ, ತನ್ನ ಹೆಂಡತಿ ತೊಳಸಿದ ಮುದ್ದೆ ಬಡಿಸುತ್ತೇನೆ ಬನ್ನಿ ಅಂದರೆ ಕಾರುಗಳು ಆ ಕಡೆ ತಿರುಗುತ್ತವೆಯೇ? ದುಡ್ಡು ಜಾತಿ ಕೇಳಲ್ಲ ಅನ್ನುವ ಮಾತಿನ ಪರೀಕ್ಷೆ ಅಲ್ಲಿದೆ.

ಇಂಥ ತೋಟಗಳಿಗೆ ಈಗ ಶಾಲೆ ಮಕ್ಕಳನ್ನು ಬಸ್ಸು ಮಾಡಿ ಕರೆತರುತ್ತಾರೆ. ಆದ್ದರಿಂದ ಮೇಷ್ಟ್ರುಗಳಲ್ಲಿ ಒಂದು ಮಾತು. ಕರೆದುಕೊಂಡು ಹೋಗಿ, ಬೇಡ ಅನ್ನುವುದಿಲ್ಲ. ಮಕ್ಕಳು ಎತ್ತಿನ ಗಾಡಿ ಹತ್ತಲಿ, ತಿಗರಿ ತಿರುಗಿಸಲಿ. ಮಾರನೆಯ ದಿನ ತರಗತಿಯಲ್ಲಿ ಒಂದು ಹಾಳೆ ಕೊಟ್ಟು ಅವರವರ ಊರಿನ ನಕ್ಷೆ ಬರೆಸಿ. ಬಾವಿ ಎಲ್ಲಿ, ಗುಡಿ ಎಲ್ಲಿ, ಸ್ಮಶಾನ ಎಲ್ಲಿ, ಕೇರಿ ಎಲ್ಲಿ, ನೀರಿನ ಪೈಪು ಯಾವ ಬೀದಿಗೆ ಮೊದಲು ಬರುತ್ತದೆ, ಯಾವ ಬೀದಿಗೆ ಕೊನೆಗೆ ಬರುತ್ತದೆ, ಎಲ್ಲವನ್ನೂ ಗುರುತು ಹಾಕಲಿ. ನಮ್ಮ ಹುಡುಗ ಹಿಂದಿನ ಬೆಂಚಿನಿಂದ ಎದ್ದು ಬಂದು ತನ್ನ ಮನೆಯನ್ನು ಆ ನಕ್ಷೆಯಲ್ಲಿ ಬರೆಯಲಿ. ಹಳ್ಳಿಯ ಬಗ್ಗೆ ಕನ್ನಡದಲ್ಲಿ ಇನ್ನು ಮುಂದೆ ಏನೇ ಬರೆದರೂ ಆ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯಬೇಕು.