ಐನೂರು ಅಕ್ಷರದ ಆತ್ಮಕಥೆ

ನಮ್ಮ ಕಾಲದಲ್ಲಿ ಜನ ಅತಿ ಹೆಚ್ಚು ಬರೆಯೋ ಆತ್ಮಕಥೆ ಯಾವುದು ಅಂತ ಯಾರಾದರೂ ಕೇಳಿದರೆ, ಸೆಲ್ಫ್ ಅಪ್ರೈಸಲ್ ಅಂತೀನಿ. ಕಾದಂಬರಿ ಮುಟ್ಟದವರೂ ವರ್ಷಕ್ಕೊಮ್ಮೆ ಕೂತು ತಮ್ಮ ಬಗ್ಗೆ ತಾವೇ ಬರೆದುಕೊಳ್ಳುತ್ತಾರೆ. ಇಷ್ಟು ದೊಡ್ಡ ಸಾಹಿತ್ಯ ಪ್ರಕಾರಕ್ಕೆ ಒಬ್ಬ ವಿಮರ್ಶಕನೂ ಇಲ್ಲ ಅನ್ನೋದು ಅನ್ಯಾಯ. ಆ ಕೆಲಸ ಇವತ್ತು ನಾನೇ ಮಾಡ್ತೀನಿ.

ಈ ಪ್ರಕಾರಕ್ಕೆ ಗಟ್ಟಿ ಸಂಪ್ರದಾಯ ಇದೆ. ಎರಡು ಚೌಕ: ನಿಮ್ಮ ಬಲ ಏನು, ದೌರ್ಬಲ್ಯ ಏನು. ಎರಡನೆಯದನ್ನು ಈಗ 'ಸುಧಾರಣೆಗೆ ಅವಕಾಶವಿರುವ ಕ್ಷೇತ್ರ' ಅಂತ ಕರೀತಾರೆ. ಕಹಿ ಗುಳಿಗೆಗೆ ಬೆಲ್ಲ ಸವರಿದ ಹಾಗೆ. ಅಲ್ಲಿ ಯಾರೂ ನಿಜವಾದ ದೌರ್ಬಲ್ಯ ಬರೆಯಲ್ಲ. 'ಕೆಲಸದಲ್ಲಿ ಮುಳುಗಿದರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ', 'ಎಲ್ಲವೂ ಪರ್ಫೆಕ್ಟ್ ಆಗಿರಬೇಕು ಅನ್ನೋ ಹಟ ಜಾಸ್ತಿ'. ಎಲ್ಲವೂ ದೌರ್ಬಲ್ಯದ ವೇಷ ಹಾಕಿಕೊಂಡ ಹೊಗಳಿಕೆ. ಬರೆಯುವವರನ್ನು ಬೈದು ಪ್ರಯೋಜನವಿಲ್ಲ. ಓದುಗ ಒಬ್ಬನೇ, ರೇಟಿಂಗ್ ಕೊಡುವವನೂ ಅವನೇ. ಜಡ್ಜ್ ಮುಂದೆ ಡೈರಿ ಓದು ಅಂದರೆ ಯಾರು ತಾನೇ ಅಸಲಿ ಡೈರಿ ತಂದಾರು?

ಆದರೆ ನನ್ನ ತಕರಾರು ಸುಳ್ಳಿನ ಬಗ್ಗೆ ಅಲ್ಲ. ಪೂರ್ತಿ ಪ್ರಾಮಾಣಿಕವಾಗಿ ತುಂಬಿದರೂ ಈ ಫಾರ್ಮ್ ತಪ್ಪೇ ಹೇಳುತ್ತದೆ ಅನ್ನೋದು ನನ್ನ ವಾದ. ಈ ಚೌಕಗಳ ದೊಡ್ಡಣ್ಣ ಸ್ವಾಟ್ ವಿಶ್ಲೇಷಣೆ. ಅದು 1960ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದದ್ದು, ಮನುಷ್ಯರಿಗಲ್ಲ, ಕಂಪನಿಗಳು ಯೋಜನೆ ಹಾಕಿಕೊಳ್ಳಲಿ ಅಂತ. ಅದರಲ್ಲಿ ನಾಲ್ಕು ಚೌಕ. ಬಲ, ದೌರ್ಬಲ್ಯ ಒಳಗಿನವು. ಅವಕಾಶ, ಅಪಾಯ ಹೊರಗಿನವು. ಅಪ್ರೈಸಲ್ ಫಾರ್ಮ್ ಒಳಗಿನ ಎರಡನ್ನು ಇಟ್ಟುಕೊಂಡು ಹೊರಗಿನ ಎರಡನ್ನು ಬಿಟ್ಟುಬಿಟ್ಟಿದೆ. ಅಂದರೆ ನೀವು ಎಲ್ಲಿ, ಯಾರ ಜೊತೆ ನಿಂತಿದ್ದೀರಿ ಅನ್ನೋದನ್ನ ಅಳಿಸಿ, ನಿಮ್ಮನ್ನು ಮಾತ್ರ ತೂಗುತ್ತದೆ.

ನಮ್ಮೂರು ಸೊರಬ ತಾಲ್ಲೂಕಿನ ಗುಡವಿ. ಪಕ್ಷಿಧಾಮ ಇರೋದರಿಂದ ಬೆಂಗಳೂರಲ್ಲೂ ಒಂದಿಷ್ಟು ಜನಕ್ಕೆ ಗೊತ್ತು. ಮಳೆಗಾಲದಲ್ಲಿ ಕೆರೆಯ ಮರಗಳ ತುಂಬ ಹಕ್ಕಿ. ಅದರಲ್ಲಿ ಹಾವಕ್ಕಿ ಅಂತ ಒಂದಿದೆ. ಈಜುವಾಗ ಮೈಯೆಲ್ಲ ನೀರೊಳಗೆ, ಕತ್ತು ಮಾತ್ರ ಹಾವಿನ ಹಾಗೆ ಮೇಲೆ. ಇದರ ಗರಿ ಬಾತಿನ ಗರಿಯಂತಲ್ಲ, ನೀರು ಹೀರಿ ಒದ್ದೆಯಾಗುತ್ತದೆ. ಪ್ರತಿ ಸಲ ಮುಳುಗಿ ಎದ್ದಮೇಲೆ ಕೊಂಬೆ ಹತ್ತಿ, ರೆಕ್ಕೆ ಅಗಲಿಸಿ, ಒಣಗಿಸಿಕೊಳ್ಳುತ್ತ ಕೂರಬೇಕು. ಬಾತು ಮ್ಯಾನೇಜರ್ ಆಗಿದ್ದರೆ 'ನೀರು ತಡೆಯುವ ಸಾಮರ್ಥ್ಯ ಸುಧಾರಿಸಬೇಕು' ಅಂತ ಬರೆದುಬಿಡುತ್ತಿತ್ತು. ಆದರೆ ಗರಿ ನೆನೆಯೋದರಿಂದಲೇ ಹಾವಕ್ಕಿ ತೇಲದೆ ಸದ್ದಿಲ್ಲದೆ ಮುಳುಗಿ, ಚೂಪು ಕೊಕ್ಕಿನಿಂದ ಮೀನನ್ನು ಇರಿಯುತ್ತದೆ. ಒಂದೇ ಗರಿ ನೀರೊಳಗೆ ಬಲ, ಕೊಂಬೆಯ ಮೇಲೆ ದೌರ್ಬಲ್ಯ. ಫಾರ್ಮ್‌ನಲ್ಲಿ ಯಾವ ಚೌಕಕ್ಕೆ ಹಾಕೋಣ?

ಇದು ಬರೀ ಹಕ್ಕಿ ಕತೆಯಾಗಿದ್ದರೆ ಬರೆಯುತ್ತಿರಲಿಲ್ಲ. ಹಳ್ಳಿಯಿಂದ ಬಂದ, ಕನ್ನಡ ಮೀಡಿಯಂನಲ್ಲಿ ಓದಿದವರ ಫಾರ್ಮ್‌ಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕಾಣುತ್ತದೆ: ಕಮ್ಯುನಿಕೇಷನ್ ಇಂಪ್ರೂವ್ ಆಗಬೇಕು. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ನನಗೂ ಮೂರು ವರ್ಷ ಅದೇ. ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡ ಅಂತ ಬೆಳೆಸಿದ್ದರು. ಮೀಟಿಂಗ್‌ನಲ್ಲಿ ಅದಕ್ಕೆ 'ಪ್ಯಾಸಿವ್' ಅಂದರು. ರಾತ್ರಿ ಎರಡಕ್ಕೆ ಸರ್ವರ್ ಬಿದ್ದು, ಕಾಲ್‌ನಲ್ಲಿ ಹನ್ನೆರಡು ಜನ ಒಟ್ಟಿಗೆ ಅರಚುವಾಗ ಸುಮ್ಮನೆ ಲಾಗ್ ಓದುತ್ತ ಕೂತರೆ ಅದೇ ಮೌನಕ್ಕೆ 'ಕೂಲ್' ಅಂದರು. ಇಂಗ್ಲಿಷ್‌ನಲ್ಲಿ ನೆಟ್ಟಗೆ ಡಾಕ್ಯುಮೆಂಟ್ ಬರೆಯಲು ಬಾರದಿದ್ದರೆ ಅದು ದೌರ್ಬಲ್ಯವೇ, ಕಲೀಬೇಕು. ನನಗೆ ಭಯ ಬೇರೆಯದು. ವಾಕ್ಯ ನಾಲ್ಕು ವರ್ಷ ರಿಪೀಟ್ ಆದರೆ ಮನುಷ್ಯ ನಂಬಿಬಿಡುತ್ತಾನೆ. ಟೀ ಅಂಗಡಿ ಮುಂದೆ ಹತ್ತು ಜನರನ್ನು ಹೊಟ್ಟೆ ಹುಣ್ಣಾಗುವ ಹಾಗೆ ನಗಿಸುವ ನನ್ನ ಗೆಳೆಯನೊಬ್ಬ ಒಂದಿನ ಗಂಭೀರವಾಗಿ ಹೇಳಿದ, "ನಂಗೆ ಮಾತಾಡಕ್ಕೆ ಬರಲ್ಲ ಮಾರಾಯ."

ನೌಕರನೊಬ್ಬ ಈ ಚೌಕಗಳಾಚೆ ತನ್ನನ್ನು ತಾನು ನೋಡಿಕೊಳ್ಳುವ ಕನ್ನಡ ಪುಸ್ತಕ ಬೇಕಾದರೆ ಯಶವಂತ ಚಿತ್ತಾಲರ 'ಶಿಕಾರಿ' ಇದೆ. 1979ರ ಕಾದಂಬರಿ. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು, ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿ ದುಡಿದವರು, ಆಫೀಸಿನ ಗಾಳಿ ಹೇಗಿರುತ್ತೆ ಅಂತ ಒಳಗಿಂದ ಬಲ್ಲವರು. ನಾಯಕ ನಾಗಪ್ಪನನ್ನು ಕಂಪನಿ ದಿಢೀರನೆ ಸಸ್ಪೆಂಡ್ ಮಾಡುತ್ತದೆ. ಏನು ತಪ್ಪಿಗೆ ಅಂತ ಸರಿಯಾಗಿ ಗೊತ್ತಿಲ್ಲ. ಅಲ್ಲಿಂದ ಅವನು ಆರೋಪವನ್ನು ಹುಡುಕುತ್ತ ತನ್ನನ್ನೇ ಹುಡುಕತೊಡಗುತ್ತಾನೆ. ಆಫೀಸಿನ ಮೇಲಧಿಕಾರಿ ಫಿರೋಜ್ ಬಂದೂಕವಾಲಾ ಒಂದು ಕಡೆ, ಊರಿನ ನಂಟಿನ ಶ್ರೀನಿವಾಸ ಇನ್ನೊಂದು ಕಡೆ. ಇಬ್ಬರಿಗೂ ನಾಗಪ್ಪ ಅಂದರೆ ತಮಗೆ ಬೇಕಾದ ಹಾಗೆ ಓದಿಕೊಳ್ಳಬಹುದಾದ ಕಡತ.

ನಾಗಪ್ಪನ ಅತಿಸೂಕ್ಷ್ಮ ಮನಸ್ಸನ್ನು ಗಮನಿಸಿ. ಎದುರಿನವನ ದನಿ ಚೂರು ಬದಲಾದರೂ ಅವನಿಗೆ ತಿಳಿಯುತ್ತದೆ. ಅದೇ ಅವನನ್ನು ನಿದ್ದೆಗೆಡಿಸುತ್ತದೆ, ಅದೇ ಬೇಟೆಗಾರರ ವಾಸನೆ ಹಿಡಿಯುತ್ತದೆ. ಎರಡನ್ನೂ ಬಿಡಿಸಿ ಬೇರೆ ಬೇರೆ ಚೌಕಕ್ಕೆ ಹಾಕಲಾಗದು ಅನ್ನೋದನ್ನು ಚಿತ್ತಾಲರು ಎಲ್ಲೂ ಭಾಷಣ ಮಾಡದೆ ತೋರಿಸುತ್ತಾರೆ. ನನಗೆ ಒಪ್ಪಿಗೆಯಾಗದ್ದೂ ಇದೆ. ಇಡೀ ಕಾದಂಬರಿ ನಾಗಪ್ಪನ ತಲೆಯೊಳಗೇ ಸುತ್ತುತ್ತದೆ. ಹೆಂಗಸರೂ ಅವನ ಭಯ, ಆಸೆಗಳ ಮೂಲಕವೇ ಕಾಣುತ್ತಾರೆ. ಕೆಲವು ಕಡೆ ಕಿಟಕಿ ತೆಗೀರಪ್ಪಾ ಅನಿಸುತ್ತದೆ. ಒಳಗೆ ಇಳಿಯುತ್ತಲೇ ಹೋದರೆ ಬಾವಿಗೆ ತಳವೇ ಸಿಗದು, ಹೊರಗಿನ ಅಳತೆಗೋಲು ಒಂದಾದರೂ ಬೇಕು.

ಹಾಗಂತ ಊರಿನ ಅಳತೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಯಾರು ಅಡಿಕೆ ಮರ ಹತ್ತಬೇಕು, ಯಾರು ಹೊರೆ ಹೊರಬೇಕು ಅಂತ ನಮ್ಮ ಕಡೆ ಫಾರ್ಮ್ ಇಲ್ಲದೆ ತೀರ್ಮಾನ ಆಗುತ್ತದೆ, ಬಹಳ ಸಲ ಸರಿಯಾಗಿಯೇ ಆಗುತ್ತದೆ. ಆದರೆ ಊರು ಒಮ್ಮೆ ಬರೆದರೆ ತಿದ್ದಲ್ಲ. ಜಾತಿ, ಮನೆತನ ನೋಡಿ ಬರೆದದ್ದನ್ನಂತೂ ಮೊದಲೇ ತಿದ್ದಲ್ಲ. ಕಂಪನಿ ಕನಿಷ್ಠ ವರ್ಷಕ್ಕೊಮ್ಮೆ ಹೊಸ ಫಾರ್ಮ್ ಕೊಡುತ್ತೆ.

ನನಗೆ ಹಿಡಿಸಿದ್ದು ಪೀಟರ್ ಡ್ರಕರ್ 1999ರಲ್ಲಿ ಬರೆದ ಒಂದು ಪ್ರಬಂಧದ ಉಪಾಯ. ಮುಖ್ಯ ನಿರ್ಧಾರ ತಗೊಂಡಾಗ ಏನಾಗುತ್ತದೆ ಅಂತ ನಿರೀಕ್ಷೆ ಬರೆದಿಡಿ. 9ರಿಂದ 12 ತಿಂಗಳ ಮೇಲೆ ಆದದ್ದರ ಜೊತೆ ಹೋಲಿಸಿ. ವಿಶೇಷಣ ಬೇಡ, ಬರೀ ಘಟನೆ. ಒಗ್ಗದ ಜಾಗವಾದರೆ ಬಿಟ್ಟು ಹೊರಡಿ ಅನ್ನೋ ಧಾಟಿ ಮಾತ್ರ ಇಎಂಐ ಕಟ್ಟುವವರ ಕಿವಿಗೆ ತಮಾಷೆಯಾಗಿ ಕೇಳುತ್ತದೆ.

ಟೀ ಅಂಗಡಿಯ ಗೆಳೆಯ ಒಂದು ವರ್ಷ ಹಾಗೆ ಬರೆದಿಟ್ಟ. ತೆಗೆದು ನೋಡಿದರೆ, ಅಂದುಕೊಂಡದ್ದಕ್ಕಿಂತ ಬೇಗ ಮುಗಿದ ಕೆಲಸಗಳಲ್ಲಿ ಹೆಚ್ಚಿನವು ಅವನು ಮೇಲ್ ಹಾಕದೆ, ಎದ್ದು ಹೋಗಿ, ಆ ಟೀಮಿನವರ ಪಕ್ಕ ಕುರ್ಚಿ ಎಳೆದುಕೊಂಡು ಮಾತಾಡಿ ಮಾಡಿಸಿಕೊಂಡವು. ಈ ಸಲದ ಫಾರ್ಮ್‌ನಲ್ಲಿ ಬಲದ ಚೌಕದೊಳಗೆ ಅದನ್ನೇ ಉದಾಹರಣೆ ಸಮೇತ ಬರೆಯಲು ಹೋದ. ಅರ್ಧಕ್ಕೆ ಬರುವಷ್ಟರಲ್ಲಿ ಕೆಂಪು ಅಕ್ಷರದಲ್ಲಿ ಬಂತು: ಐನೂರು ಅಕ್ಷರ ಮೀರಿದೆ.