‘ದಿ ಮೂನ್‌ಸ್ಟೋನ್’: ಕಂಡ ಕಣ್ಣು, ಕಟ್ಟಿದ ಬಾಯಿ

ಕುತೂಹಲಪ್ರಧಾನವಾದ ಕಾದಂಬರಿಗಳ ವಿಷಯದಲ್ಲಿ ನಮ್ಮ ವಿದ್ಯಾವಂತ ಗೃಹಸ್ಥರ ನಡವಳಿಕೆ ವಿಚಿತ್ರವಾದುದು. ನಡುರಾತ್ರಿಯವರೆಗೆ ಎಚ್ಚರವಿದ್ದು ಅವನ್ನು ಓದುವವರೂ ಅವರೇ. ಬೆಳಗಾದ ಮೇಲೆ ಬಂದವರ ಕಣ್ಣಿಗೆ ಬೀಳದಂತೆ ಬೀರುವಿನ ಹಿಂಬದಿಗೆ ಸರಿಸುವವರೂ ಅವರೇ. ಕಾರಣವನ್ನು ಕೇಳಿದರೆ, “ಕಳ್ಳನು ಯಾರೆಂದು ತಿಳಿದ ಮೇಲೆ ಅದರಲ್ಲಿ ಉಳಿಯುವುದೇನು?” ಎನ್ನುತ್ತಾರೆ. ಈ ಆಕ್ಷೇಪವು ಹಗುರವಾದುದಲ್ಲ. ಎರಡನೆಯ ಸಲ ಓದಿಸಿಕೊಳ್ಳಲಾರದ ಗ್ರಂಥವು ಕಾಲಕ್ಷೇಪಕ್ಕಾದೀತೇ ಹೊರತು ಸಾಹಿತ್ಯವೆನ್ನಿಸಿಕೊಳ್ಳಲಾರದು. ಆದರೆ ಈ ಜಾತಿಯ ಗ್ರಂಥಗಳೆಲ್ಲವೂ ಅಂತಹವೇ ಎಂಬ ಮಾತನ್ನು ಒಂದು ನಿದರ್ಶನದಿಂದ ಪರೀಕ್ಷಿಸಿ ನೋಡಬೇಕೆಂಬುದು ಈ ಲೇಖನದ ಉದ್ದೇಶ. ಇದಕ್ಕಾಗಿ ಆರಿಸಿಕೊಂಡಿರುವುದು ವಿಲ್ಕೀ ಕಾಲಿನ್ಸನ ‘ದಿ ಮೂನ್‌ಸ್ಟೋನ್’. ಇದು 1868ರಲ್ಲಿ ಡಿಕನ್ಸನ ‘ಆಲ್ ದಿ ಇಯರ್ ರೌಂಡ್’ ಎಂಬ ವಾರಪತ್ರಿಕೆಯಲ್ಲಿ ಜನವರಿಯಿಂದ ಆಗಸ್ಟಿನವರೆಗೆ ಪ್ರಕಟವಾಯಿತು. ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳಿಗೆ ಇದೇ ಮೂಲಪುರುಷನೆಂದು ಬಲ್ಲವರು ಎಣಿಸುತ್ತಾರೆ. ರಹಸ್ಯವನ್ನು ಬಿಚ್ಚದೆ ಈ ಪರೀಕ್ಷೆಯನ್ನು ಮಾಡಲು ಸಾಧ್ಯವಿಲ್ಲ. ಗ್ರಂಥವನ್ನು ಓದದವರು ಮೊದಲು ಅದನ್ನು ಓದಿ ಅನಂತರ ಈ ಲೇಖನಕ್ಕೆ ಬರುವುದು ಉತ್ತಮ.

ಕಥೆಯು ಆರಂಭವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ. 1799ನೆಯ ಇಸವಿ ಮೇ 4ರಂದು ಕೋಟೆಯು ಬಿದ್ದು ಟಿಪ್ಪು ಸುಲ್ತಾನನು ಮಡಿದ ದಿನದ ರಾತ್ರಿ. ಕದ್ದವನು ಯಾರೇ ಆಗಲಿ ಸಿಕ್ಕಿದರೆ ನೇಣು ಎಂದು ಸೇನಾನಿ ಬೇರ್ಡನು ತಮಟೆ ಹೊಡೆಸಿದ್ದಾನೆ. ಆ ಹೊತ್ತಿನಲ್ಲಿ ಹರ್ನ್‌ಕಾಸಲ್ ಎಂಬ ಅಧಿಕಾರಿಯು ಒಂದು ಕೈಯಲ್ಲಿ ಪಂಜನ್ನೂ ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿಯನ್ನೂ ಹಿಡಿದು ಆಯುಧಶಾಲೆಯಲ್ಲಿ ನಿಂತಿರುವುದನ್ನು ಅವನ ಜ್ಞಾತಿಯೊಬ್ಬನು ಕಾಣುತ್ತಾನೆ. ಕಠಾರಿಯ ಹಿಡಿಯಲ್ಲಿ ಹಳದಿಯ ವಜ್ರವೊಂದಿದೆ. ಕಾವಲಿದ್ದ ಮೂವರಲ್ಲಿ ಇಬ್ಬರು ಸತ್ತಿದ್ದಾರೆ, ಮೂರನೆಯವನು ಶಾಪವನ್ನು ನುಡಿದು ಸಾಯುತ್ತಾನೆ. ಈ ವಜ್ರವೂ ಕಠಾರಿಯೂ ಕವಿಕಲ್ಪಿತ. ಸುತ್ತಣ ಸಂದರ್ಭ ಮಾತ್ರ ಇತಿಹಾಸ. ಅಪ್ಪಣೆಯಿಲ್ಲದೆ ದೋಚಿದವನಿಗೆ ನೇಣನ್ನು ಸಾರಿದ ಅದೇ ಸೈನ್ಯವು ಸುಲ್ತಾನನ ಬೊಕ್ಕಸವನ್ನು ಅಪ್ಪಣೆಯ ಮೇರೆಗೆ ತನ್ನೊಳಗೆ ಹಂಚಿಕೊಂಡಿತು. ಅವನ ಸಿಂಹಾಸನವನ್ನೂ ಒಡೆದು ಪಾಲುಮಾಡಿತು. ಇಂಗ್ಲಿಷ್ ಗ್ರಂಥಕರ್ತನೊಬ್ಬನು, ಅದೂ 1857ರ ದಂಗೆ ಕಳೆದು ಹನ್ನೊಂದೇ ವರ್ಷವಾಗಿದ್ದಾಗ, ತನ್ನ ಕಥೆಯ ಮೊದಲನೆಯ ಕಳ್ಳತನವನ್ನು ಈ ಸ್ಥಳದಲ್ಲಿ ಇಟ್ಟನೆಂಬುದು ಗಮನಿಸತಕ್ಕ ಸಂಗತಿ.

ಆ ಜ್ಞಾತಿಯು ಮುಂದೇನು ಮಾಡಿದನು? ಕೊಲೆಯನ್ನು ತಾನು ಕಣ್ಣಾರೆ ಕಂಡಿಲ್ಲವಾದ್ದರಿಂದ ದೂರು ಕೊಡಲಿಲ್ಲ. ಹರ್ನ್‌ಕಾಸಲನ ಸಂಗವನ್ನು ಬಿಟ್ಟನು. ಕಾರಣವನ್ನು ಮನೆಯವರಿಗೆ ಮಾತ್ರ ಬರೆದಿಟ್ಟನು. ಮನೆತನದ ರಹಸ್ಯವೆಂಬುದು ಇಲ್ಲಿ ಹುಟ್ಟಿತು. ಅಪರಾಧವನ್ನು ನ್ಯಾಯಸ್ಥಾನಕ್ಕೆ ಒಯ್ಯಲಿಲ್ಲ, ಅಪರಾಧಿಗೆ ಬಾಗಿಲನ್ನು ಮುಚ್ಚಿದರು, ಅಷ್ಟೆ. ವರ್ಷಗಳಾದ ಮೇಲೆ ಅವನ ತಂಗಿ ಲೇಡಿ ವೆರಿಂಡರಳು ತನ್ನ ಮಗಳು ರೇಚಲಳ ಹುಟ್ಟುಹಬ್ಬದಂದು ಬಾಗಿಲಿಗೆ ಬಂದ ಅಣ್ಣನನ್ನು ಒಳಕ್ಕೆ ಸೇರಿಸಲಿಲ್ಲ. ಅವನು ಸಾಯುವಾಗ ವಜ್ರವನ್ನು ಆ ಸೋದರಸೊಸೆಗೇ ಉಯಿಲಿನಲ್ಲಿ ಬರೆದನು. ತಂಗಿಯು ಬದುಕಿದ್ದರೆ ಮಾತ್ರ, ಮಗಳ ಹುಟ್ಟುಹಬ್ಬದ ದಿನ ಕೊಡತಕ್ಕದ್ದೆಂದು ಷರತ್ತು. ಇದು ಕ್ಷಮೆಯ ಉಡುಗೊರೆಯೋ, ಶಾಪವನ್ನು ತಂಗಿಯ ಮನೆಗೆ ದಾಟಿಸುವ ಹಗೆಯೋ ಎಂದು ಮನೆಯ ಹಳೆಯ ಕಾರಭಾರಿ ಬೆಟರೆಜನಿಗೆ ಉಂಟಾದ ಸಂದೇಹವು ಓದುಗರಿಗೂ ತೀರುವುದಿಲ್ಲ. ಇನ್ನೊಂದು ಕವಲಿನವನಾದ ಹಿರಿಯ ಬ್ಲೇಕನೋ, ಡ್ಯೂಕ್ ಪದವಿಯ ವ್ಯಾಜ್ಯಕ್ಕೆ ಬೇಕಾದ ಕಾಗದಗಳ ಆಸೆಯಿಂದ ಈ ವಜ್ರದ ರಕ್ಷಣೆಗೆ ಒಪ್ಪಿದವನು. ಹೀಗೆ ಕಳವಿನ ಒಡವೆಯು ಒಂದು ಶ್ರೀಮಂತ ಕುಲದ ಮುನಿಸು, ಲೋಭ, ಮಾನಗಳ ಮೂಲಕ ಹಾದು, 1848ರ ಜೂನ್ 21ರಂದು ಯಾರ್ಕ್‌ಷೈರಿನ ಮನೆಯನ್ನು ಸೇರುತ್ತದೆ. ಆ ರಾತ್ರಿಯೇ ಮಾಯವಾಗುತ್ತದೆ.

ಈಗ ರಹಸ್ಯಕ್ಕೆ ಬರೋಣ. ವಜ್ರವನ್ನು ಪೆಟ್ಟಿಗೆಯಿಂದ ತೆಗೆದವನು ರೇಚಲಳು ಪ್ರೀತಿಸಿದ ಫ್ರಾಂಕ್ಲಿನ್ ಬ್ಲೇಕನೇ. ವೈದ್ಯನೊಬ್ಬನು ಊಟದ ವೇಳೆಯ ವಾಗ್ವಾದದಲ್ಲಿ ತನ್ನ ಶಾಸ್ತ್ರವನ್ನು ಹಳಿದವನಿಗೆ ಪಾಠ ಕಲಿಸಲೆಂದು, ತಿಳಿಯದಂತೆ ಅಫೀಮಿನ ದ್ರವವನ್ನು ಕುಡಿಸಿದ್ದನು. ಆ ಅಮಲಿನಲ್ಲಿ, ವಜ್ರಕ್ಕೆ ಅಪಾಯ ಬಂದೀತೆಂಬ ಹಗಲಿನ ಚಿಂತೆಯೇ ಅವನನ್ನು ಎಬ್ಬಿಸಿ ನಡೆಸಿತು. ಬೆಳಗಾದರೆ ಅವನಿಗೆ ಒಂದೂ ನೆನಪಿಲ್ಲ. ರೇಚಲಳು ಮಾತ್ರ ಎಲ್ಲವನ್ನೂ ಕಣ್ಣಾರೆ ಕಂಡಿದ್ದಳು. ಅವನಿಗೆ ಸಾಲವಿದ್ದುದೂ ಅವಳಿಗೆ ಗೊತ್ತಿತ್ತು. ಹೀಗಿರಲಾಗಿ, ಮರುದಿನ ಪೋಲೀಸರನ್ನು ಕರೆಸಲು ಎಲ್ಲರಿಗಿಂತ ಹೆಚ್ಚಾಗಿ ಅವನೇ ಓಡಾಡಿದಾಗ ಅವಳಿಗೆ ಏನನ್ನಿಸಿರಬೇಕು! ಕದ್ದುದಲ್ಲದೆ ಸೋಗನ್ನೂ ಹಾಕುತ್ತಿದ್ದಾನೆಂದು ಹೇಸಿದಳು. ಆದರೂ ಅವನ ಹೆಸರನ್ನು ಹೇಳಲಿಲ್ಲ. ಪತ್ತೇದಾರ ಕಫನು ತನ್ನನ್ನೇ ಕಳ್ಳಿಯೆಂದು ಶಂಕಿಸಿದರೂ ಹೇಳಲಿಲ್ಲ, ತಾಯಿಗೂ ಹೇಳಲಿಲ್ಲ. ಸೇವಕಿ ರೊಸಾನಳ ಪಾಡೂ ಹೀಗೆಯೇ. ಬಾಗಿಲಿನ ಹಸಿ ಬಣ್ಣವು ತಾಗಿದ್ದ ಬ್ಲೇಕನ ರಾತ್ರಿಯುಡುಪನ್ನು ಕಂಡು, ಅವನ ಮೇಲಿನ ಮೂಕಪ್ರೇಮದಿಂದ ಅದನ್ನು ಉಸುಬಿನಲ್ಲಿ ಅಡಗಿಸಿಟ್ಟು, ಕೊನೆಗೆ ಅದೇ ಉಸುಬಿನಲ್ಲಿ ತಾನೂ ಮುಳುಗಿ ಸತ್ತಳು.

ತಾರ್ಕಿಕರು ಪ್ರಮಾಣಗಳಲ್ಲಿ ಪ್ರತ್ಯಕ್ಷಕ್ಕೆ ಮೊದಲನೆಯ ಸ್ಥಾನವನ್ನು ಕೊಡುತ್ತಾರೆ. ರೇಚಲಳಿಗೆ ಆದುದು ಭ್ರಾಂತಿಯಲ್ಲ; ಹಗ್ಗವನ್ನು ಹಾವೆಂದು ಅವಳು ತಿಳಿಯಲಿಲ್ಲ. ಬ್ಲೇಕನು ತೆಗೆದುದು ನಿಜ, ಅವಳು ಕಂಡುದೂ ನಿಜ. ಆದರೆ ಕಣ್ಣಿಗೆ ಕಾಣುವುದು ಕ್ರಿಯೆ, ಅಭಿಪ್ರಾಯವಲ್ಲ. ಕಳ್ಳತನವಾಗುವುದು ಅಭಿಪ್ರಾಯದಿಂದ. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವು ನನಗೆ ಬೇರೆಲ್ಲಿಯೂ ದೊರೆತಿಲ್ಲ. ಗ್ರಂಥದ ರಚನೆಯೂ ಈ ತತ್ತ್ವಕ್ಕೆ ಅನುಗುಣವಾಗಿದೆ. ಕಾರಭಾರಿ, ವಕೀಲ, ಬಡ ನೆಂಟಳು, ವೈದ್ಯನ ಸಹಾಯಕ ಮೊದಲಾದವರು ತಾವು ಬಲ್ಲಷ್ಟನ್ನು ಮಾತ್ರ ಸಾಕ್ಷಿಗಳಂತೆ ಬರೆದುಕೊಡುತ್ತಾರೆ. ಒಬ್ಬೊಬ್ಬರ ಮಾತೂ ಅವರವರ ಮಟ್ಟಿಗೆ ನಿಜ, ಯಾರೊಬ್ಬರದೂ ಪೂರ್ಣವಲ್ಲ. ಸಾಕ್ಷ್ಯಗಳನ್ನು ಕೂಡಿಸುವವನು ಬ್ಲೇಕನೇ. ತಾನು ಹುಡುಕುತ್ತಿರುವ ಕಳ್ಳನ ಉಡುಪಿನ ಮೇಲೆ ತನ್ನ ಹೆಸರನ್ನೇ ಓದುವವನೂ ಅವನೇ.

ಇಲ್ಲಿ ನಮ್ಮವರಿಗೆ ಶಾಕುಂತಲವು ನೆನಪಾಗದಿರದು. ಭಾರತದ ಮೂಲಕಥೆಯಲ್ಲಿ ಉಂಗುರವೂ ಇಲ್ಲ, ಶಾಪವೂ ಇಲ್ಲ. ರಾಜನು ಎಲ್ಲವನ್ನೂ ಬಲ್ಲವನಾಗಿಯೂ ಸಭೆಯಲ್ಲಿ ಅರಿಯೆನೆನ್ನುತ್ತಾನೆ. ನಾಯಕನಿಗೆ ಈ ಕಳಂಕವು ತಗುಲಬಾರದೆಂದು ಕಾಳಿದಾಸನು ದುರ್ವಾಸನ ಶಾಪವನ್ನು ತಂದನು. ಕಾಲಿನ್ಸನು ಅಫೀಮನ್ನು ತಂದನು. ಇಬ್ಬರಲ್ಲಿಯೂ ನಾಯಕನು ಮಾಡಿದ್ದನ್ನು ಮರೆತವನು, ಮರೆತದ್ದರಿಂದಲೇ ನಿರ್ದೋಷಿ, ನಿರ್ದೋಷಿಯಾಗಿಯೂ ನಾಯಿಕೆಗೆ ಕ್ರೂರನಾಗಿ ಕಂಡವನು. ಇಬ್ಬರಲ್ಲಿಯೂ ಪ್ರೀತಿಯೇ ಬಾಯನ್ನು ಕಟ್ಟುತ್ತದೆ. ಗೆಳತಿಗೆ ನೋವಾದೀತೆಂದು ಅನಸೂಯಾ ಪ್ರಿಯಂವದೆಯರು ಶಾಪದ ಮಾತನ್ನು ಮುಚ್ಚಿಟ್ಟದ್ದರಿಂದಲ್ಲವೆ ಶಕುಂತಲೆಯು ಉಂಗುರದ ಬೆಲೆಯನ್ನರಿಯದೆ ಹೊರಟದ್ದು?

ಆದರೆ ಮುಖ್ಯವಾದ ಭೇದವೊಂದುಂಟು. ಕಾಳಿದಾಸನ ಸಾಮಾಜಿಕರು ಶಾಪವನ್ನು ಮೊದಲೇ ಕೇಳಿರುತ್ತಾರೆ. ಆದುದರಿಂದ ಸಭೆಯಲ್ಲಿ ನಡೆಯುವ ನಿರಾಕರಣವು ಅವರಿಗೆ ಒಗಟಲ್ಲ. ಇಬ್ಬರ ಮೇಲೂ ಕನಿಕರವನ್ನು ತರುವ ದೃಶ್ಯ. ಕಾಲಿನ್ಸನ ಓದುಗರಿಗೆ ಅಫೀಮಿನ ಸಂಗತಿಯು ಕಡೆಯವರೆಗೂ ತಿಳಿಯದು. ರೇಚಲಳ ಸಿಡುಕೂ ಬಾಗಿಲು ಹಾಕಿಕೊಂಡು ಕೂರುವ ಹಟವೂ ಮೊದಲ ಓದಿನಲ್ಲಿ ಬರಿಯ ಒಗಟಾಗಿ ತೋರುತ್ತವೆ. ಎರಡನೆಯ ಸಲ ಓದುವಾಗ ನಾವೂ ಕಾಳಿದಾಸನ ಸಾಮಾಜಿಕರ ಸ್ಥಾನದಲ್ಲಿ ಕೂತಿರುತ್ತೇವೆ. ಅದೇ ಸಿಡುಕು ಈಗ ನೋವಾಗಿ ಕಾಣುತ್ತದೆ. ಬ್ಲೇಕನು ಉತ್ಸಾಹದಿಂದ ತನಿಖೆಗೆ ಓಡಾಡುವ ಒಂದೊಂದು ಸಾಲೂ ಅವಳ ಎದೆಯನ್ನು ಚುಚ್ಚುವುದನ್ನು ನಾವು ಕಾಣುತ್ತೇವೆ. ಕುತೂಹಲವಿದ್ದೆಡೆಗೆ ಕರುಣವು ಬರುತ್ತದೆ. “ಉಳಿಯುವುದೇನು?” ಎಂಬ ಪ್ರಶ್ನೆಗೆ ಇದೇ ಉತ್ತರ. ರಹಸ್ಯವು ಬರಿಯ ಬೀಗದಲ್ಲಿದ್ದರೆ ಬೀಗವನ್ನು ತೆರೆದೊಡನೆ ಮುಗಿಯಿತು. ಮನುಷ್ಯರ ಮೌನದಲ್ಲಿದ್ದರೆ, ತೆರೆದ ಮೇಲೆಯೇ ಅದರ ಅರ್ಥವು ಆರಂಭವಾಗುತ್ತದೆ.

ದೋಷಗಳನ್ನೂ ಹೇಳತಕ್ಕದ್ದು ವಿಮರ್ಶಕನ ಧರ್ಮ. ಬ್ಲೇಕನ ಕೈಯಿಂದ ವಜ್ರವನ್ನು ಪಡೆದು ನುಂಗಿಕೊಂಡ ನಿಜವಾದ ಕಳ್ಳನು ಪರೋಪಕಾರಿಯೆಂದು ಹೆಸರಾದ ಗಾಡ್‌ಫ್ರೇ ಏಬಲ್‌ವೈಟನು. ತನ್ನ ವಶದಲ್ಲಿದ್ದ ಒಬ್ಬ ತರುಣನ ಆಸ್ತಿಯನ್ನು ಅವನು ತಿಂದ ವೃತ್ತಾಂತವನ್ನು ಅವನು ಸತ್ತ ಮೇಲೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿರುವುದು ತೃಪ್ತಿಕರವಲ್ಲ. ಮಿಸ್ ಕ್ಲಾಕಳ ಧರ್ಮಪ್ರಚಾರದ ಹಾಸ್ಯವು ಹಿತಮಿತವನ್ನು ಮೀರಿದೆ. ಒಂದು ವರ್ಷದ ಮೇಲೆ ಮತ್ತೆ ಅಫೀಮನ್ನು ಕುಡಿಸಿ ಹಿಂದಿನ ನಡೆಯನ್ನೇ ಮರುಕಳಿಸುವ ಪ್ರಯೋಗವನ್ನು ಶಾಸ್ತ್ರವು ಒಪ್ಪುವುದು ಕಷ್ಟ. ಆದರೂ ಆ ಪ್ರಯೋಗವನ್ನು ನಡೆಸುವ ಎಜ್ರಾ ಜೆನ್ನಿಂಗ್ಸನ ಪಾತ್ರವು ಎಲ್ಲವನ್ನೂ ಕ್ಷಮಿಸುವಂತೆ ಮಾಡುತ್ತದೆ. ಅವನು ಲೋಕಾಪವಾದಕ್ಕೆ ಗುರಿಯಾದವನು, ಮರಣಾಸನ್ನನು, ನೋವನ್ನು ತಡೆಯಲು ತಾನೇ ಅಫೀಮನ್ನು ಸೇವಿಸುವವನು. ಗ್ರಂಥಕರ್ತನೂ ವಾತರೋಗದಿಂದ ನರಳುತ್ತ ಅದೇ ಔಷಧವನ್ನು ಸೇವಿಸುತ್ತಿದ್ದನು. ಈ ಗ್ರಂಥವನ್ನು ಬರೆಯುತ್ತಿದ್ದಾಗಲೇ ತಾಯಿಯನ್ನು ಕಳೆದುಕೊಂಡನು. ಆ ಪುಟಗಳ ಆರ್ದ್ರತೆಯು ಕಲ್ಪನೆಯಿಂದ ಮಾತ್ರ ಬಂದುದಲ್ಲ.

ನಮ್ಮ ದೇಶದ ವಿಷಯದಲ್ಲಿ ಅವನ ತಿಳಿವಳಿಕೆಯೂ ಅರೆಕೊರೆಯಾದುದು. ಸೋಮನಾಥದಲ್ಲಿ ಚಂದ್ರನ ವಿಗ್ರಹವಿತ್ತೆಂದೂ ವಜ್ರವು ಅದರ ಹಣೆಯದೆಂದೂ ಬರೆಯುತ್ತಾನೆ. ಸೋಮನಿಗೆ ನಾಥನು ಸೋಮನಾಥ, ಎಂದರೆ ಶಿವನು. ಷಷ್ಠೀತತ್ಪುರುಷವಾಗಬೇಕಾದಲ್ಲಿ ಗ್ರಂಥಕರ್ತನು ಸೋಮನೇ ನಾಥನೆಂದು ಕರ್ಮಧಾರಯವನ್ನು ಮಾಡಿಕೊಂಡಂತಿದೆ! ಆದರೆ ಸಮಾಸದಲ್ಲಿ ತಪ್ಪಿದವನು ನ್ಯಾಯದಲ್ಲಿ ತಪ್ಪಲಿಲ್ಲ. ವಜ್ರವನ್ನು ಅರಸಿ ಸಮುದ್ರವನ್ನು ದಾಟಿದ ಮೂವರು ಬ್ರಾಹ್ಮಣರು ಕೊಲೆಗೂ ಹೇಸದವರು. ಏಬಲ್‌ವೈಟನನ್ನು ಕೊಂದವರು ಅವರೇ. ಹಾಗಿದ್ದರೂ ಕಥೆಯ ಕೊನೆಯ ಚಿತ್ರವು ಅವರದೇ. ವಜ್ರವು ಕಾಠಿಯಾವಾಡದ ದೇವರ ಹಣೆಯನ್ನು ಮತ್ತೆ ಸೇರುತ್ತದೆ. ಜಾತಿಯನ್ನು ತೊರೆದು ವ್ರತವನ್ನು ಉಳಿಸಿಕೊಂಡ ಆ ಮೂವರೂ ಮತ್ತೆಂದೂ ಒಬ್ಬರ ಮುಖವನ್ನೊಬ್ಬರು ನೋಡದಂತೆ ಮೂರು ದಿಕ್ಕಿಗೆ ಯಾತ್ರೆ ಹೊರಡುತ್ತಾರೆ. ವೆರಿಂಡರ್ ಮನೆಯವರು ಒಡವೆಯನ್ನು ಕಳೆದುಕೊಂಡರು. ಅದು ಅವರದಾಗಿರಲೇ ಇಲ್ಲವೆಂಬುದು ಗ್ರಂಥದ ನಿಶ್ಚಯವಾದ ತೀರ್ಪು.

ಶ್ರೀರಂಗಪಟ್ಟಣದಲ್ಲಿ ಒಬ್ಬನು ಕಾಣದೆಯೇ ನಿಜವನ್ನು ಊಹಿಸಿದನು, ಆದರೆ ಆಡಲಿಲ್ಲ. ಯಾರ್ಕ್‌ಷೈರಿನಲ್ಲಿ ಒಬ್ಬಳು ಕಣ್ಣಾರೆ ಕಂಡು ತಪ್ಪಾಗಿ ತಿಳಿದಳು, ಅವಳೂ ಆಡಲಿಲ್ಲ. ಈ ಎರಡು ಮೌನಗಳ ನಡುವೆ ಐವತ್ತು ವರ್ಷಗಳ ಅನರ್ಥವು ನಡೆದುಹೋಯಿತು. “ನಾನು ನಿನ್ನನ್ನು ಹೀಗೆ ಕಂಡೆ, ನೀನೇನು ಹೇಳುತ್ತೀ?” ಎಂದು ಅವಳು ಆ ಬೆಳಗ್ಗೆಯೇ ಕೇಳಿದ್ದರೆ ಒಂದು ಜೀವವಾದರೂ ಉಳಿಯುತ್ತಿತ್ತು. ಮನೆಯ ಮಾನಕ್ಕಾಗಿ ಬಾಯಿ ಕಟ್ಟಿಕೊಂಡು, ಕಂಡಷ್ಟನ್ನೇ ಪೂರ್ಣಸತ್ಯವೆಂದು ನಂಬಿ, ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟಿರುವ ಸಂಸಾರಗಳು ನಮ್ಮಲ್ಲಿಯೂ ವಿರಳವಲ್ಲ. ಅಂತಹ ಮನೆಗಳ ಬೀರುವಿನಲ್ಲಿ ಈ ಪುಸ್ತಕವು ಹಿಂಬದಿಯಲ್ಲಿರತಕ್ಕದ್ದಲ್ಲ. ಮುಂದಿನ ಸಾಲಿನಲ್ಲಿಯೇ ಇರಲಿ.